ಬಲಗಾಲಿನ ಬೂಟು

ಊರಿಗೆ ಹೋದಾಗ ಯಾರಾದರೂ "ದುಬೈಯಲ್ಲಿ ನಿಮ್ಗೆ ಎಂತ ಕೆಲಸ?" ಅಂತ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ. ಫುಟ್‌ಬಾಲ್ ಕ್ಲಬ್ಬಿನಲ್ಲಿ ಅಂದ ಕೂಡಲೇ ಎಲ್ಲರ ಕಣ್ಣೂ ನನ್ನ ಹೊಟ್ಟೆಯ ಮೇಲೆ ಬೀಳುತ್ತದೆ. "ಆಡುದಾ ನೀವು?" ಆಡುವುದಲ್ಲ ಮಾರಾಯರೇ. ಆಡುವವರ ಅಂಗಿ ಚಡ್ಡಿ ಒಗೆಯುವುದು, ಅಂಗಿಗೆ ನಂಬರು ಅಂಟಿಸುವುದು, ಬೂಟು ತಿಕ್ಕುವುದು, ಪಂದ್ಯಕ್ಕೆ ಮೊದಲು ಎಲ್ಲವನ್ನೂ ಡ್ರೆಸ್ಸಿಂಗ್ ರೂಮಿನಲ್ಲಿ ಅವರವರ ಜಾಗದಲ್ಲಿ ಇಡುವುದು. ಕಿಟ್ ಮ್ಯಾನ್ ಅನ್ನುತ್ತಾರೆ ಇದಕ್ಕೆ. "ಅಷ್ಟಕ್ಕೆ ಅಷ್ಟು ದೂರ ಯಾಕೆ ಹೋದದ್ದು?" ಅಂತ ನನ್ನ ಸೋದರಮಾವ ಒಮ್ಮೆ ಮದುವೆ ಊಟದ ಸಾಲಿನಲ್ಲಿ ಎಲ್ಲರೆದುರು ಕೇಳಿದರು. ಎರಡು ವರ್ಷ ಅವರೊಡನೆ ಮಾತು ಬಿಟ್ಟಿದ್ದೆ. ನನ್ನ ಬಾಯಿ ಅಂಥದ್ದು. ಬೇಡದಲ್ಲಿ ಜೋರು, ಬೇಕಾದಲ್ಲಿ ಬಂದ್. ಬೇಕಾದಲ್ಲಿ ಬಂದ್ ಆದದ್ದರ ಕತೆಯನ್ನೇ ಈಗ ಹೇಳಲು ಹೊರಟಿದ್ದೇನೆ.

ಕ್ಲಬ್ಬಿಗೆ ಸೇರುವ ಮೊದಲು ನಾನು ರಾಸ್ ಅಲ್ ಖೋರ್‌ನ ಒಂದು ಟಯರ್ ಅಂಗಡಿಯಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿಯ ಯಜಮಾನ ಬಾಯಿ ತೆರೆದರೆ ಬೈಗುಳ, ಆದರೆ ಅವನ ಕಣ್ಣಿಗೆ ಕೈ ಮುಗಿಯಬೇಕು. ಬಿಚ್ಚಿದ ಟಯರನ್ನು ಅಂಗೈಯಿಂದ ಸವರಿ, ಗಾಡಿಯ ಕಡೆಗೆ ತಿರುಗಿಯೂ ನೋಡದೆ ಹೇಳುತ್ತಿದ್ದ: ಇದು ಎಡಕ್ಕೆ ಎಳೆಯುವ ಗಾಡಿ, ಇದು ಒಮ್ಮೆ ಗುದ್ದಿದ ಗಾಡಿ, ಇದರ ಡ್ರೈವರ್ ಬ್ರೇಕಿನ ಮೇಲೆಯೇ ಕೂತಿರುತ್ತಾನೆ. ನಾನೂ ಕಲಿತೆ. ಕ್ಲಬ್ಬಿಗೆ ಬಂದ ಮೇಲೆ ಅದೇ ಕಣ್ಣು ಬೂಟುಗಳ ಮೇಲೆ ತಿರುಗಿತು. ಫುಟ್‌ಬಾಲ್ ಬೂಟಿನ ಅಡಿಯಲ್ಲಿ ಹುಲ್ಲನ್ನು ಕಚ್ಚಿ ಹಿಡಿಯಲು ಬೆರಳ ತುದಿಯಷ್ಟು ದಪ್ಪದ ಗುಬುಟುಗಳಿರುತ್ತವೆ, ಸ್ಟಡ್ ಅನ್ನುತ್ತಾರೆ. ಕೆಲವು ಬೂಟುಗಳಲ್ಲಿ ಅವನ್ನು ಸ್ಕ್ರೂವಿನ ಹಾಗೆ ತಿರುಗಿಸಿ ತೆಗೆಯಬಹುದು, ಹೊಸತು ಹಾಕಬಹುದು. ಡ್ರೆಸ್ಸಿಂಗ್ ರೂಮಿನಿಂದ ಮೈದಾನಕ್ಕೆ ಹೋಗುವ ಕಾಂಕ್ರೀಟಿನ ದಾರಿಯಲ್ಲಿ ದಿನಾ ನಡೆದು ಅವು ಸವೆಯುತ್ತವೆ. ಮೈ ಸರಿಯಿದ್ದವನ ಸ್ಟಡ್ಡು ಎರಡೂ ಕಾಲಿನಲ್ಲಿ ಒಂದೇ ಹದಕ್ಕೆ ಸವೆಯುತ್ತದೆ. ನೋವಿದ್ದವನದು ಹಾಗಲ್ಲ. ಅವನು ಡಾಕ್ಟರ ಎದುರು ನಗುತ್ತಾನೆ, ಕೋಚ್ ಎದುರು ಜಿಗಿಯುತ್ತಾನೆ, ಆ ಕಾಂಕ್ರೀಟಿನ ದಾರಿಯಲ್ಲಿ ಯಾರೂ ನೋಡದಾಗ ಮಾತ್ರ ಕಾಲನ್ನು ಸ್ವಲ್ಪ ಎಳೆಯುತ್ತಾನೆ. ಅದು ಬೂಟಿನ ಅಡಿಯಲ್ಲಿ ಕಾಣುತ್ತದೆ.

ಕೊರಿಯನ್ ನಮ್ಮ ಕ್ಲಬ್ಬಿಗೆ ಆಟಗಾರನಾಗಿ ಬಂದಾಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಹೆಸರು ಬೇಡ, ನಾವೆಲ್ಲ ಅವನನ್ನು ಕೊರಿಯನ್ ಅಂತಲೇ ಕರೆಯುತ್ತಿದ್ದೆವು. ಮೈದಾನದ ನಡುವೆ ನಿಂತು ಆಟ ಕಟ್ಟುವ ಮಿಡ್‌ಫೀಲ್ಡರ್. ಅವರ ದೇಶದಲ್ಲಿ ಗಂಡಸರೆಲ್ಲ ಸೈನ್ಯಕ್ಕೆ ಹೋಗಿಬರಲೇಬೇಕಂತೆ. ಇವನು ಸೈನಿಕರ ಟೀಮಿನಲ್ಲಿ ಆಡಿ ಆ ಕಟ್ಟಳೆ ಮುಗಿಸಿ ಬಂದಿದ್ದ. ಮೊದಲ ದಿನ ಅಂಗಿಯ ಅಳತೆ ಕೇಳಲು ಹೋದರೆ ಅವನು ನನ್ನ ವಯಸ್ಸು ಕೇಳಿದ. ಇದೆಂಥ ಅಧಿಕಪ್ರಸಂಗ ಅಂದುಕೊಂಡೆ. ಮೂವತ್ತು ಅಂದೆ. ಕೂಡಲೇ ಬೆನ್ನು ಬಗ್ಗಿಸಿ, ನನ್ನ ಕೈಯಲ್ಲಿದ್ದ ಅಂಗಿಯನ್ನು ಎರಡೂ ಕೈಯಿಂದ ತೆಗೆದುಕೊಂಡ. ಅವರಲ್ಲಿ ಒಂದೇ ವರ್ಷ ದೊಡ್ಡವನಾದರೂ ಹೆಸರು ಹಿಡಿದು ಕರೆಯುವಂತಿಲ್ಲ, ಅಣ್ಣ ಅನ್ನಬೇಕು. "ನಿಮ್ಮ ಭಾಷೆಯಲ್ಲಿ ಅದಕ್ಕೆ ಏನನ್ನುತ್ತಾರೆ?" ಅಂದ. ಹೇಳಿಕೊಟ್ಟೆ. ಅಂದಿನಿಂದ ಇಂದಿನವರೆಗೆ ನಾನು ಅವನಿಗೆ ಅಣ್ಣ. ನಮ್ಮಿಬ್ಬರ ಮಾತುಕತೆ ಹರಕು ಇಂಗ್ಲಿಷಿನಲ್ಲಿ, ಅವನದು ನನ್ನದಕ್ಕಿಂತ ಹರಕು. ಈ ಒಂದು ಶಬ್ದ ಮಾತ್ರ ಅವನು ಉಡುಪಿಯಲ್ಲಿ ಹುಟ್ಟಿದವನ ಹಾಗೆ ಹೇಳುತ್ತಿದ್ದ.

ಎಷ್ಟು ಚಂದ ಆಡುತ್ತಿದ್ದ ಅಂದರೆ, ನಾನು ಒಗೆಯುವ ಬಟ್ಟೆಯ ಲೆಕ್ಕದಲ್ಲೇ ಹೇಳಬೇಕು. ಉಳಿದವರ ಚಡ್ಡಿಯೆಲ್ಲ ಹುಲ್ಲಿನ ಕಲೆ; ಇವನದು ಸ್ವಚ್ಛ, ಅಂಗಿ ಮಾತ್ರ ಹಿಂಡಿದರೆ ಬಕೆಟ್ ತುಂಬುವಷ್ಟು ಬೆವರು. ಬೀಳುತ್ತಿರಲಿಲ್ಲ, ಜಾರುತ್ತಿರಲಿಲ್ಲ, ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತಿರುತ್ತಿದ್ದ. ಪಂದ್ಯ ಮುಗಿದ ಮೇಲೆ ಉಳಿದವರು ಕಾಲುಚೀಲ ಮುದ್ದೆ ಮಾಡಿ ಎಸೆದು ಹೋದರೆ ಇವನು ನನ್ನ ಕೋಣೆಯಲ್ಲಿ ಕೂತು ಜೋಡಿ ಹುಡುಕಿ ಇಡುತ್ತಿದ್ದ. ಅಣ್ಣ ಒಬ್ಬನೇ ಕೆಲಸ ಮಾಡುವಾಗ ತಮ್ಮ ಕೈಕಟ್ಟಿ ಕೂರಬಾರದಂತೆ. ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿಗೆ ಬಂದು ನನ್ನ ಹೆಂಡತಿ ಮಾಡಿದ ಬಂಗುಡೆ ಗಸಿ ತಿಂದು, ಮೂಗು ಒರೆಸಿಕೊಂಡು, ಇನ್ನೂ ಹಾಕಿ ಎಂದು ತಟ್ಟೆ ಒಡ್ಡುತ್ತಿದ್ದ. "ನಿಮ್ಮ ತಮ್ಮ ಬಂದ್ರೆ ನಾಳೆಗೆ ಎಂತದೂ ಉಳಿಯುದಿಲ್ಲ" ಎಂದು ಅವಳು ನಗುತ್ತಿದ್ದಳು.

ಮೂರನೆಯ ವರ್ಷ, ಸೀಸನ್ ಮುಗಿಯಲು ತಿಂಗಳಿರುವಾಗ, ಅವನ ಬಲಗಾಲಿನ ಬೂಟು ಕೈಗೆತ್ತಿಕೊಂಡವನು ಹಾಗೇ ನಿಂತೆ. ಹೊರ ಅಂಚಿನ ಸ್ಟಡ್ಡುಗಳು ಓರೆಯಾಗಿ ಕೊರೆದ ಹಾಗೆ ಸವೆದಿದ್ದವು, ಒಳಗಿನವು ಹೊಸತರ ಹಾಗೇ ಇದ್ದವು. ಎಡಗಾಲಿನದು ಎಲ್ಲ ಸರಿ. ಅಂದರೆ ಬಲ ಮೊಣಕಾಲಿನ ಮೇಲೆ ಭಾರ ಹಾಕದೆ, ಪಾದವನ್ನು ಹೊರಗೆ ವಾಲಿಸಿ ನಡೆಯುತ್ತಿದ್ದಾನೆ. ಕೇಳಿದೆ. ಅವನು ಬಾಗಿಲು ಮುಚ್ಚಿ ಬಂದ. ಮುಂದಿನ ಎರಡು ವರ್ಷದ ಒಪ್ಪಂದ ಇನ್ನೇನು ಸಹಿ ಆಗುವುದರಲ್ಲಿದೆ, ಸಹಿ ಆಗುವವರೆಗೆ ಮೊಣಕಾಲು ತಡೆದುಕೊಳ್ಳುತ್ತದೆ, ಯಾರಿಗೂ ಹೇಳಬೇಡ ಅಂದ. ಆಮೇಲೆ ಎರಡೂ ಕೈ ಮುಗಿದು ಕೇಳಿದ: "ಅಣ್ಣ, ಸ್ಟಡ್ ಬದಲಿಸಿಬಿಡು. ಯಾರ ಕಣ್ಣಿಗೂ ಬೀಳುವುದು ಬೇಡ."

ನಾನು ಬದಲಿಸಿದೆ. ಆರು ಹಳೆಯ ಸ್ಟಡ್ಡು ತೆಗೆದೆ, ಆರು ಹೊಸತು ಹಾಕಿದೆ, ಅಷ್ಟೇ. ಐದು ನಿಮಿಷದ ಕೆಲಸ. ಹತ್ತು ದಿನದ ಮೇಲೆ, ಯಾರೂ ಮುಟ್ಟದೆ, ಒಬ್ಬನೇ ತಿರುಗಲು ಹೋಗಿ ಅವನು ಮೈದಾನದ ನಡುವೆ ಕುಸಿದ. ಬೆಂಚಿನ ತುದಿಯಲ್ಲಿ ಕೂತಿದ್ದ ನನಗೆ ಅವನ ಕೂಗು ಕೇಳಿಸಿತು. ಎರಡು ಆಪರೇಷನ್ ಆಯಿತು. ಅವನು ಮತ್ತೆ ಆಡಲಿಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕಿಟ್ ಮ್ಯಾನ್‌ನನ್ನು ಯಾರು ಕೇಳುತ್ತಾರೆ?

ಕೊರಿಯಾಕ್ಕೆ ವಾಪಸು ಹೋದ ಮೇಲೆ ಅವನು ಶಾಲೆಯ ಮಕ್ಕಳಿಗೆ ಆಟ ಕಲಿಸಿದ, ಕೋಚಿಂಗ್ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಪಾಸು ಮಾಡಿದ, ಎಲ್ಲೆಲ್ಲೋ ಸಣ್ಣ ಟೀಮುಗಳಲ್ಲಿ ಸಹಾಯಕ ಕೋಚ್ ಆಗಿ ತಿರುಗಿದ. ಹೊಸವರ್ಷಕ್ಕೆ ಒಂದು ಮೆಸೇಜು ಬರುತ್ತಿತ್ತು. ನಾನೂ ಒಂದು ಕಳಿಸುತ್ತಿದ್ದೆ. ಮೊಣಕಾಲಿನ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ. ಹೀಗೆ ಹನ್ನೆರಡು ವರ್ಷ.

ಕಳೆದ ಸೀಸನ್ನಿನ ಮೊದಲು ಅವನೇ ನಮ್ಮ ಕೋಚ್ ಆಗಿ ಬಂದ. ಕೂದಲು ಮುಂದಿನಿಂದ ನರೆತಿತ್ತು, ಮೆಟ್ಟಿಲಿಳಿಯುವಾಗ ಬಲಗಾಲನ್ನು ಮೊದಲು ಇಡುತ್ತಿದ್ದ. ಎಲ್ಲರೆದುರು ಬೆನ್ನು ಬಗ್ಗಿಸಿ "ಅಣ್ಣ" ಅಂದ. ಹೆಂಡತಿಯನ್ನೂ ಮಗಳನ್ನೂ ಕರೆತಂದಿದ್ದ. ಮಗಳು ಇಲ್ಲಿಯ ಶಾಲೆಗೆ ಹೊಂದಿಕೊಂಡು, ಮನೆಯಲ್ಲಿಯೂ ಇಂಗ್ಲಿಷಿನಲ್ಲೇ ಜಗಳವಾಡುತ್ತಾಳೆಂದು ನಗುತ್ತ ದೂರು ಹೇಳುತ್ತಿದ್ದ. ಮುಖ್ಯ ಕೋಚ್ ಆಗಿ ಅವನಿಗೆ ಸಿಕ್ಕಿದ ಮೊದಲ ಕೆಲಸ ಇದು. ಅವನಿಗೆ ಒಂದು ಅಭ್ಯಾಸ ಇತ್ತು. ಪ್ರತಿ ಪಂದ್ಯಕ್ಕೆ ಮೊದಲು, ಆಟಗಾರರು ಬರುವುದಕ್ಕೆ ಮುಂಚೆ, ಡ್ರೆಸ್ಸಿಂಗ್ ರೂಮಿಗೆ ಒಬ್ಬನೇ ಬಂದು, ನಾನು ಸಾಲಾಗಿ ಇಟ್ಟ ಬೂಟುಗಳನ್ನು ಒಂದೊಂದಾಗಿ ತಿರುವಿ ಸ್ಟಡ್ಡಿನ ಮೇಲೆ ಹೆಬ್ಬೆರಳು ಆಡಿಸುವುದು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳುವ ಮುಖ ನನಗೆಲ್ಲಿತ್ತು!

ನಮ್ಮದು ದೊಡ್ಡ ಕ್ಲಬ್ಬಲ್ಲ. ಮೇಲಿನ ದರ್ಜೆಯಲ್ಲಿ ಪ್ರತಿ ವರ್ಷ ಬೀಳುತ್ತೇವೋ ಉಳಿಯುತ್ತೇವೋ ಅನ್ನುವ ಸ್ಥಿತಿ. ಆ ಸಲ ಕೊನೆಯ ಪಂದ್ಯದವರೆಗೆ ಎಳೆಯಿತು. ಅಬುಧಾಬಿಯಲ್ಲಿ ಆಟ. ಸೋಲದಿದ್ದರೆ ಸಾಕು, ಸಮ ಆದರೂ ಉಳಿಯುತ್ತೇವೆ. ಸೋತರೆ ಕೆಳಗಿನ ದರ್ಜೆಗೆ. ನಮ್ಮ ಮುದೀರ್, ಅಂದರೆ ಕ್ಲಬ್ಬಿನ ಮೇಲಧಿಕಾರಿ, ಒಂದು ದಿನ ನನ್ನ ಕೋಣೆಯ ಬಾಗಿಲಲ್ಲೇ ನಿಂತು ಕೋಚ್‌ಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು: "ಸೋತರೆ ಖಲಾಸ್. ಊರಿಗೆ ಹೋಗುವ ಟಿಕೆಟ್ಟನ್ನು ಆಫೀಸಿನವರು ಮಾಡಿಕೊಡುತ್ತಾರೆ." ಕೋಚ್ ತಲೆಯಾಡಿಸಿದ. ಆಮೇಲೆ ಒಳಗೆ ಬಂದು ಕಾಲುಚೀಲಗಳ ಜೋಡಿ ಹುಡುಕುತ್ತ ಕೂತ.

ಇಷ್ಟೇ ಆಗಿದ್ದರೆ ನಾನು ದೇವರಿಗೆ ಕೈ ಮುಗಿದು ಸುಮ್ಮನಿರುತ್ತಿದ್ದೆ. ಆದರೆ ಆ ಕೊನೆಯ ಪಂದ್ಯಕ್ಕೆ ಮೂರು ವಾರ ಇರುವಾಗ ನಮ್ಮ ಕ್ಯಾಪ್ಟನ್‌ನ ಬಲಗಾಲಿನ ಬೂಟು ತಿಕ್ಕಲು ಕೂತಿದ್ದೆ. ಇವನು ಈ ದೇಶದವನೇ, ಮೂವತ್ತೊಂದು ವರ್ಷ, ಕೊರಿಯನ್ ಆಡುತ್ತಿದ್ದ ಜಾಗದಲ್ಲೇ ಆಡುವವನು. ತಿರುವಿ ನೋಡಿದರೆ ಹೊರ ಅಂಚು ಓರೆಯಾಗಿ ಕೊರೆದಿದೆ. ಅಯ್ಯೋ ದೇವರೇ, ಅದೇ ಓರೆ, ಅದೇ ಕಾಲು.

ಕ್ಯಾಪ್ಟನ್‌ಗೆ ಹೇಳಿದೆ. ಅವನು ನನ್ನೊಡನೆ ಹಿಂದಿ ಇಂಗ್ಲಿಷ್ ಬೆರೆಸಿ ಮಾತಾಡುವವನು. ಸುಳ್ಳು ಹೇಳಲಿಲ್ಲ. "ಭಾಯಿ, ನೋವಿದೆ. ಮನೆಯಲ್ಲಿ ಕಟ್ಟಿಕೊಳ್ಳುತ್ತೇನೆ, ಮಾತ್ರೆ ತಿನ್ನುತ್ತೇನೆ. ಫಿಸಿಯೋಗೆ ಗೊತ್ತಿಲ್ಲ. ಮೂರೇ ಮೂರು ಪಂದ್ಯ. ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ." ನಾನು ಬೇಡ ಅಂದೆ. ಅವನು ನನ್ನ ಭುಜ ಹಿಡಿದು ಹೇಳಿದ: "ನಾನು ಆಡದಿದ್ದರೆ ನಾವು ಬೀಳುತ್ತೇವೆ. ಬಿದ್ದರೆ ಕೋಚ್ ಹೋಗುತ್ತಾನೆ. ಅವನು ನಿನ್ನ ತಮ್ಮ ಅಲ್ಲವಾ? ಸ್ಟಡ್ ಬದಲಿಸು."

ಬದಲಿಸಿದೆ. ಹೌದು, ಮತ್ತೆ ಬದಲಿಸಿದೆ. ಒಮ್ಮೆ ಅಲ್ಲ, ಎರಡು ಪಂದ್ಯಕ್ಕೆ ಎರಡು ಸಲ. ಕೋಚ್ ಬಂದು ಆ ಹೊಸ ಸ್ಟಡ್ಡಿನ ಮೇಲೆ ಹೆಬ್ಬೆರಳು ಆಡಿಸಿ, ತೃಪ್ತಿಯಿಂದ ಕೆಳಗಿಟ್ಟು ಮುಂದೆ ಹೋಗುವಾಗ ನಾನು ಬೆನ್ನು ತಿರುಗಿಸಿ ಅಂಗಿ ಎಣಿಸುತ್ತಿದ್ದೆ. ಎರಡೂ ಪಂದ್ಯ ಸಮ ಆದವು. ಕ್ಯಾಪ್ಟನ್ ಚಂದವೇ ಆಡಿದ. ಅದೇ ನನ್ನ ಬಾಯಿ ಕಟ್ಟಿತು.

ಕೊನೆಯ ಪಂದ್ಯದ ದಿನ ಬೆಳಿಗ್ಗೆ ತಿಂಡಿಯ ತಟ್ಟೆ ದೂಡಿ ಎದ್ದೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ದೋಸೆಯ ಸಟ್ಟುಗ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ನಿಮ್ಗೆ ಮಂಡೆ ಸಮ ಉಂಟಾ ಇಲ್ವಾ? ಹೋಗಿ ಹೇಳ್ಲಿಕ್ಕೆ ಎಂತ?"

"ಹೇಳಿದ್ರೆ ಅವ್ನ ಕೆಲಸ ಹೋಗ್ತದೆ."

"ಹೇಳದಿದ್ರೆ ಇವ್ನ ಕಾಲು ಹೋಗ್ತದೆ. ಎಂತ ಮಾರಾಯ್ರೆ ನೀವು! ಕೆಲಸ ಇನ್ನೊಂದು ಸಿಗ್ತದೆ, ಕಾಲು ಯಾವ ಅಂಗಡಿಲಿ ಸಿಗ್ತದೆ?" ಸಟ್ಟುಗ ಕೆಳಗಿಟ್ಟಳು. "ಹನ್ನೆರಡು ವರ್ಷದಿಂದ ಆ ಕೊರಿಯನ್‌ನ ಮೊಣಕಾಲು ನೀವು ಹೊತ್ಕೊಂಡು ತಿರ್ಗುದು ನೋಡಿ ನಂಗೆ ಸಾಕಾಗಿದೆ. ಇನ್ನೊಂದು ಮೊಣಕಾಲು ಈ ಮನೆಗೆ ತರ್ಬೇಡಿ."

ಶಾಲೆಯ ಚೀಲ ಬೆನ್ನಿಗೇರಿಸುತ್ತಿದ್ದ ನಮ್ಮ ಮಗಳು ತಲೆಯೆತ್ತದೆ ಹೇಳಿದಳು, "ಅಪ್ಪಾ, ವಾಟ್ ಈಸ್ ದೇರ್ ಟು ಥಿಂಕ್?" ನನಗೆ ಸಿಟ್ಟು ಬಂತು. ಹದಿನಾಲ್ಕು ವರ್ಷದವರಿಗೆ ಎಲ್ಲವೂ ಸುಲಭ. ಬಾಗಿಲು ಜೋರಾಗಿ ಎಳೆದುಕೊಂಡು ಹೊರಟೆ.

ಟೀಮು ಬಸ್ಸಿನಲ್ಲಿ ಬರುವುದು. ನಾನು ಸಾಮಾನು ತುಂಬಿದ ವ್ಯಾನಿನಲ್ಲಿ ಮೊದಲೇ ಹೋಗುವುದು. ಅಬುಧಾಬಿಯವರೆಗಿನ ಆ ದಾರಿಯಲ್ಲಿ ನಾನು ಒಬ್ಬನೇ ಜೋರಾಗಿ ವಾದ ಮಾಡುತ್ತ ಹೋದೆ. ಒಮ್ಮೆ ಕ್ಯಾಪ್ಟನ್ ಪರ, ಒಮ್ಮೆ ಕೋಚ್ ಪರ. ನನ್ನ ಪರ ಮಾತ್ರ ಒಂದು ಮಾತೂ ಸಿಗಲಿಲ್ಲ. ಕ್ಯಾಪ್ಟನ್‌ನ ಬೂಟಿನ ಸ್ಟಡ್ಡು ಮತ್ತೆ ಸವೆದಿತ್ತು. ಎರಡು ಸಲ ಬದಲಿಸಿ ಆ ಅಳತೆಯದು ನನ್ನಲ್ಲಿ ಮುಗಿದಿತ್ತು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಉಪ್ಪಿನಂಗಡಿ ಕಡೆಯ ಬ್ಯಾರಿಯೊಬ್ಬರ ಆಟದ ಸಾಮಾನಿನ ಅಂಗಡಿ ಇದೆ, ಅಲ್ಲಿ ಸಿಗುತ್ತದೆ. ಪಾರ್ಕಿಂಗಿಗೆ ಮೂರು ಸುತ್ತು ಹಾಕಿ, ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದೆ.

"ಬನ್ನಿ ಅಣ್ಣ, ಇವತ್ತು ನಿಮ್ದು ಮ್ಯಾಚಲ್ವಾ? ಎಂತ ಕತೆ, ಉಳೀತೀರಾ?" ಅಂದರು ಅವರು.

"ನೋಡ್ಬೇಕು. ಈ ಅಳತೆದು ಒಂದು ಪ್ಯಾಕೆಟ್ ಕೊಡಿ."

ಅವರು ಬೂಟನ್ನು ತಿರುವಿದರು. ಸ್ಟಡ್ಡಿನ ಅಳತೆ ನೋಡಲು ಕನ್ನಡಕ ಹಾಕಿದವರು ಹುಬ್ಬು ಗಂಟು ಹಾಕಿದರು. "ಯಾರದ್ದಿದು? ಅವ್ರಿಗೆ ಕಾಲು ನೋವುಂಟಾ? ಕುಂಟ್ತಾ ಇದ್ದಾರಲ್ಲ ಪಾಪ."

ಒಂದು ನೋಟ. ಬೂಟು ಮಾರುವವರಿಗೆ ಒಂದು ನೋಟಕ್ಕೆ ಕಂಡದ್ದನ್ನು ನಾನು ಮೂರು ವಾರದಿಂದ ಮುಚ್ಚಿಡುತ್ತಿದ್ದೇನೆ. ದುಡ್ಡು ಕೊಟ್ಟು, ಪ್ಯಾಕೆಟ್ ಜೇಬಿಗೆ ಹಾಕಿಕೊಂಡು ಬಂದೆ.

ಡ್ರೆಸ್ಸಿಂಗ್ ರೂಮಿನಲ್ಲಿ ಅಂಗಿ ತೂಗುಹಾಕಿದೆ, ಬೂಟುಗಳನ್ನು ಸಾಲಾಗಿ ಇಟ್ಟೆ. ಕ್ಯಾಪ್ಟನ್‌ನ ಬೂಟಿಗೆ ಹೊಸ ಸ್ಟಡ್ಡು ಹಾಕಲಿಲ್ಲ. ಕೈಯಲ್ಲಿ ಸ್ಟಡ್ಡಿನ ಚಾವಿ ಹಿಡಿದೆ, ಕೆಳಗಿಟ್ಟೆ, ಮತ್ತೆ ಹಿಡಿದೆ, ಮತ್ತೆ ಕೆಳಗಿಟ್ಟೆ. ಕೊನೆಗೆ ಒಂದು ಹೇಡಿಯ ಉಪಾಯ ಹೊಳೆಯಿತು. ಹೇಗೂ ಕೋಚ್ ಬಂದು ಬೂಟು ತಿರುವಿ ನೋಡುತ್ತಾನೆ. ಅವನ ಹೆಬ್ಬೆರಳಿಗೇ ಗೊತ್ತಾಗಲಿ, ನಾನು ಬಾಯಿ ಬಿಡುವುದೇ ಬೇಡ. ಕ್ಯಾಪ್ಟನ್ ಕೇಳಿದರೆ ಸ್ಟಡ್ ಸಿಗಲಿಲ್ಲ ಅಂದರಾಯಿತು.

ಬಸ್ಸಿಗಿಂತ ಮೊದಲೇ ತನ್ನ ಕಾರಿನಲ್ಲಿ ಕೋಚ್ ಬಂದ. ಆಟಗಾರರ ಪಟ್ಟಿ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ. ಇನ್ನು ಅರ್ಧ ಗಂಟೆಯಲ್ಲಿ ಅದನ್ನು ರೆಫರಿಯವರಿಗೆ ಕೊಡಬೇಕು, ಆಮೇಲೆ ಹೆಸರು ಬದಲಿಸಲು ಬಿಡುವುದಿಲ್ಲ. ಗೋಲ್‌ಕೀಪರನ ಬೂಟಿನಿಂದ ಶುರುಮಾಡಿದ. ತಿರುವುವುದು, ಹೆಬ್ಬೆರಳು ಆಡಿಸುವುದು, ಇಡುವುದು. ನಾನು ಟವೆಲ್ ಮಡಚುವ ಹಾಗೆ ನಟಿಸುತ್ತ ಅವನ ಕೈಯನ್ನೇ ನೋಡುತ್ತಿದ್ದೆ. ಕ್ಯಾಪ್ಟನ್‌ನ ಬಲಗಾಲಿನ ಬೂಟು ಎತ್ತಿಕೊಂಡ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮುದೀರ್. "ಕೋಚ್, ಇವತ್ತು ತಪ್ಪು ಆಗಬಾರದು" ಅಂದ. ಕೋಚ್ ಅವನ ಕಡೆ ತಿರುಗಿ ತಲೆಬಾಗಿದ, ಕೈಯಲ್ಲಿದ್ದ ಬೂಟನ್ನು ನೋಡದೆ ಕೆಳಗಿಟ್ಟ. ಮುದೀರ್ ಹೋದ. ಕೋಚ್ ಮುಂದಿನ ಬೂಟು ಎತ್ತಿಕೊಂಡ.

ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಅವನು ಆ ಬೂಟನ್ನೂ ಇಟ್ಟ, ಇನ್ನೊಂದು ಎತ್ತಿಕೊಂಡ, ಸಾಲು ಮುಗಿಯುತ್ತ ಬಂತು.

"ಕೋಚ್," ಅಂದೆ. ಕ್ಲಬ್ಬಿನಲ್ಲಿ ನಾನು ಅವನನ್ನು ಹಾಗೇ ಕರೆಯುವುದು. "ಕ್ಯಾಪ್ಟನ್‌ನ ಬೂಟು ನೋಡು. ಬಲಗಾಲಿನದು."

ಅವನು ನೋಡಿದ. ಹೆಬ್ಬೆರಳು ಆ ಓರೆಯ ಮೇಲೆ ಹೋಗಿ ನಿಂತಿತು.

"ಎಷ್ಟು ದಿನದಿಂದ?"

"ಮೂರು ವಾರ. ನಾನು ಎರಡು ಸಲ ಸ್ಟಡ್ ಬದಲಿಸಿದೆ. ಅವನು ಕೇಳಿದ. ನಾನು ಬದಲಿಸಿದೆ."

"ಮೂರು ವಾರ!" ಅಂತ ಕೂಗಿದ. ಅವನು ಕೂಗಿದ್ದನ್ನು ನಾನು ಹಿಂದೆ ಒಂದೇ ಸಲ ಕೇಳಿದ್ದು, ಹನ್ನೆರಡು ವರ್ಷದ ಹಿಂದೆ, ಮೈದಾನದ ನಡುವಿನಿಂದ. ಬೂಟನ್ನು ಗೋಡೆಗೆ ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು, ಆಗಷ್ಟೇ ಬಂದು ನಿಂತ ಬಸ್ಸಿನ ಕಡೆಗೆ ಹೋದ.

ಕ್ಯಾಪ್ಟನ್‌ನನ್ನು ಒಳಗೆ ಕರೆತಂದು ಬೆಂಚಿನ ಮೇಲೆ ಹತ್ತಿಸಿದ. ಬಲಗಾಲೊಂದರ ಮೇಲೆ ನಿಂತು ಮೊಣಕಾಲನ್ನು ಮೆಲ್ಲಗೆ ಬಗ್ಗಿಸು ಅಂದ. ಕ್ಯಾಪ್ಟನ್ ನಕ್ಕು ಬಗ್ಗಿಸಿದ. ಅರ್ಧಕ್ಕೆ ಬರುವಷ್ಟರಲ್ಲಿ ಮೊಣಕಾಲು ಒಳಗೆ ವಾಲಿ ನಡುಗಿತು, ಕೈ ಗೋಡೆ ಹಿಡಿಯಿತು. ಕೋಚ್ ಜೇಬಿನಿಂದ ಪಟ್ಟಿ ತೆಗೆದು, ನಾನು ಅಂಗಿಗಳಿಗೆ ಗುರುತು ಹಾಕುವ ಪೆನ್ನು ನನ್ನ ಕಿವಿಯ ಹಿಂದಿನಿಂದ ತೆಗೆದುಕೊಂಡು, ಒಂದು ಹೆಸರನ್ನು ಹೊಡೆದು ಹಾಕಿ ಇನ್ನೊಂದು ಬರೆದ. ಕ್ಯಾಪ್ಟನ್ ನನ್ನನ್ನು ನೋಡಿ ಅರಬ್ಬಿಯಲ್ಲಿ ಒಂದು ಮಾತು ಅಂದ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿ ಓದುತ್ತಾಳೆ.

ಆ ಪಂದ್ಯವನ್ನು ನಾನು ಹೇಗೆ ನೋಡಿದೆನೋ ನನಗೇ ಗೊತ್ತಿಲ್ಲ. ಬೆಂಚಿನ ತುದಿಯಲ್ಲಿ ನಾನು, ನನ್ನ ಪಕ್ಕದಲ್ಲಿ ಟ್ರ್ಯಾಕ್ ಸೂಟಿನಲ್ಲಿ ಕ್ಯಾಪ್ಟನ್. ಅವನು ನನ್ನ ಕಡೆ ಬೆನ್ನು ಹಾಕಿ ಕೂತಿದ್ದ. ಮೊದಲರ್ಧ ಗೋಲಿಲ್ಲ. ಎರಡನೆಯ ಅರ್ಧದಲ್ಲೂ ಗೋಲಿಲ್ಲ. ಅರವತ್ತು ನಿಮಿಷ, ಎಪ್ಪತ್ತು ನಿಮಿಷ. ಹೀಗೇ ಮುಗಿದರೆ ಉಳಿದೆವು. ಎಂಬತ್ತು ಆದಾಗ ನಾನು ಊರಿನ ದೈವಗಳಿಗೆಲ್ಲ ಹರಕೆ ಹೇಳಿಕೊಂಡೆ. ನೀರಿನ ಬಾಟಲಿಗಳನ್ನು ಎಣಿಸಿದ್ದನ್ನೇ ಎಣಿಸಿದೆ. ಕೋಚ್ ಮಾತ್ರ ಗೆರೆಯ ಪಕ್ಕ ಕೈಕಟ್ಟಿ ನಿಂತಿದ್ದ, ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಕೊನೆಯ ನಾಲ್ಕು ನಿಮಿಷ ಇರುವಾಗ ಮೈದಾನದ ನಡುವೆ ಒಂದು ಜಾಗ ಖಾಲಿ ಬಿತ್ತು. ಕ್ಯಾಪ್ಟನ್ ನಿಲ್ಲುತ್ತಿದ್ದ ಜಾಗ. ಅವನ ಬದಲು ಆಡಿದವನು ದಣಿದು ಎರಡು ಹೆಜ್ಜೆ ತಡವಾದ, ಅಷ್ಟೇ. ಚೆಂಡು ಅಲ್ಲಿಂದ ಹೋಯಿತು, ಅಲ್ಲಿಂದ ಬಲೆಗೆ. ನನ್ನ ಪಕ್ಕದಲ್ಲಿ ಕ್ಯಾಪ್ಟನ್ ಎದ್ದು ನಿಂತವನು ಹಾಗೇ ಮುಖ ಮುಚ್ಚಿಕೊಂಡು ಕೂತ. ಒಂದು ಗೋಲಿಗೆ ಸೋತೆವು.

ಮೈದಾನದಿಂದ ಒಳಗೆ ಹೋಗುವ ಸುರಂಗದ ಹಾಗಿನ ಹಾದಿಯಲ್ಲಿ ಮುದೀರ್ ಕಾಯುತ್ತಿದ್ದ. ಕೋಚ್‌ನ ಕೈ ಕುಲುಕಿ "ಶುಕ್ರನ್" ಅಂದ, ಥ್ಯಾಂಕ್ಸ್ ಅಂತ ಅರ್ಥ. ಇನ್ನೇನೂ ಹೇಳುವ ಅಗತ್ಯವಿರಲಿಲ್ಲ. ನಾನು ಬಟ್ಟೆಯ ಗಾಡಿ ತಳ್ಳಿಕೊಂಡು ಅವರ ಪಕ್ಕದಿಂದಲೇ ಹೋಗಬೇಕಾಯಿತು. ಎರಡು ನಿಮಿಷ ಬಿಟ್ಟು ಹೋಗಬಾರದಿತ್ತೇ ಅಂತ ನನ್ನನ್ನೇ ಬೈದುಕೊಂಡೆ.

ಸಾಮಾನಿನ ಕೋಣೆಯಲ್ಲಿ ಕೊಳೆ ಬಟ್ಟೆಯ ರಾಶಿಯ ನಡುವೆ ಕೂತಿದ್ದಾಗ ಕೋಚ್ ಒಳಗೆ ಬಂದ. ಬೈಯುತ್ತಾನೆ, ಬೈಯಲಿ ಅಂತ ತಲೆ ತಗ್ಗಿಸಿದೆ. ಅವನು ಬಲಗಾಲು ಚಾಚಿ ನೆಲದ ಮೇಲೆ ಕೂತು, ರಾಶಿಯಿಂದ ಒಂದು ಕಾಲುಚೀಲ ಎತ್ತಿ, ಅದರ ಜೋಡಿ ಹುಡುಕತೊಡಗಿದ. ನನಗೆ ತಡೆಯಲಾಗಲಿಲ್ಲ.

"ನನ್ನಿಂದ ನಿನ್ನ ಕೆಲಸ ಹೋಯಿತು," ಅಂದೆ.

"ಹೋಯಿತು," ಅಂದ. ಇನ್ನೊಂದು ಕಾಲುಚೀಲ ತೆಗೆದ. "ಮಗಳಿಗೆ ಹೇಗೆ ಹೇಳುವುದೋ ಗೊತ್ತಿಲ್ಲ."

ಆಮೇಲೆ ಕೆಲಸ ನಿಲ್ಲಿಸದೆ, ಮುಖ ನೋಡದೆ ಮಾತಾಡಿದ. "ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಮಲಗಿಕೊಂಡು ನಾನು ಯಾರ ಮೇಲೆ ಸಿಟ್ಟು ಮಾಡಿದೆ ಗೊತ್ತಾ? ನಿನ್ನ ಮೇಲೆ. ಡಾಕ್ಟರ್ ಮೇಲಲ್ಲ, ಕೋಚ್ ಮೇಲಲ್ಲ. ಹೇಳಬೇಡ ಅಂದದ್ದು ನಾನೇ. ಆದರೆ ನಾನು ಸಣ್ಣವನು, ಹೆದರಿದ್ದೆ. ನೀನು ದೊಡ್ಡವನು. ಸಣ್ಣವನು ಹೇಳಬೇಡ ಅಂದರೆ ಅಣ್ಣ ಆ ಮಾತು ಕೇಳಬಾರದಿತ್ತು. ಹನ್ನೆರಡು ವರ್ಷ ಆ ಸಿಟ್ಟು ಇತ್ತು. ಈ ಕ್ಲಬ್ಬಿಗೆ ವಾಪಸು ಬಂದಾಗಲೂ ಇತ್ತು. ಪ್ರತಿ ಪಂದ್ಯಕ್ಕೆ ಬೂಟು ತಿರುವಿ ನೋಡುತ್ತಿದ್ದೆನಲ್ಲ, ಯಾಕೆ ಅಂದುಕೊಂಡೆ? ನಿನ್ನನ್ನು ನಂಬದೆ."

ನಾನು ಅತ್ತುಬಿಟ್ಟೆ. ಮರೆಮಾಡಲಿಲ್ಲ, ಕೊಳೆ ಅಂಗಿಯಲ್ಲೇ ಮುಖ ಒರೆಸಿಕೊಂಡೆ.

"ಇವತ್ತು ಹೇಳಿದೆಯಲ್ಲ," ಅಂದ ಅವನು. ಆಮೇಲೆ ಜೋಡಿ ಮಾಡಿದ ಕಾಲುಚೀಲಗಳನ್ನು ಎರಡೂ ಕೈಯಿಂದ ನನ್ನ ಕಡೆ ಚಾಚಿದ. ತೆಗೆದುಕೊಂಡೆ.

ಎರಡು ವಾರದಲ್ಲಿ ಅವನ ಮನೆ ಖಾಲಿಯಾಯಿತು. ಹೊರಡುವ ಹಿಂದಿನ ದಿನ ಮೂವರೂ ನಮ್ಮಲ್ಲಿ ಊಟಕ್ಕೆ ಬಂದರು. ಅವನ ಮಗಳು ಅನ್ನವನ್ನು ಮುಟ್ಟಲೇ ಇಲ್ಲ, ನನ್ನನ್ನು ನೋಡಲೂ ಇಲ್ಲ. ನಾನು ಬಾಯಿ ಬಿಟ್ಟದ್ದನ್ನು ಅವಳಿಗೆ ಯಾರೋ ಹೇಳಿದ್ದರು. ಕ್ಯಾಪ್ಟನ್‌ನ ಮೊಣಕಾಲಿನ ಸ್ಕ್ಯಾನ್ ಆಗಿತ್ತು. ಒಳಗಿನ ಲಿಗಮೆಂಟು ಅರ್ಧ ಹರಿದಿದೆ, ಇನ್ನೊಂದು ಪಂದ್ಯ ಆಡಿದ್ದರೆ ಪೂರ್ತಿ ಹೋಗುತ್ತಿತ್ತು ಅಂತ ಡಾಕ್ಟರು ಹೇಳಿದರಂತೆ. ಅದನ್ನು ನನಗೆ ಹೇಳಿದ್ದು ಫಿಸಿಯೋ. ಕ್ಯಾಪ್ಟನ್ ನನ್ನೊಡನೆ ಮಾತು ಬಿಟ್ಟಿದ್ದ. ಸೋದರಮಾವನೊಡನೆ ಮಾತು ಬಿಟ್ಟವನಿಗೆ ಇದು ಸರಿಯಾಯಿತು ಅಂತ ಹೆಂಡತಿ ಅಂದಳು.

ಆಪರೇಷನ್, ವಿಶ್ರಾಂತಿ, ವ್ಯಾಯಾಮ, ಮತ್ತೆ ಓಟ. ಕೆಳಗಿನ ದರ್ಜೆಯಲ್ಲಿ ನಮ್ಮ ಹೊಸ ಸೀಸನ್ ಅರ್ಧ ಆಗುವಾಗ ಕ್ಯಾಪ್ಟನ್ ಮೈದಾನಕ್ಕೆ ಮರಳಿದ. ಅಭ್ಯಾಸ ಮುಗಿಸಿ, ಬೂಟನ್ನು ನನ್ನ ಮೇಜಿನ ಮೇಲೆ ಎಸೆದು, ಏನೂ ಹೇಳದೆ ಹೋಗುತ್ತಿದ್ದ. ನಾನು ತಿಕ್ಕಿ ಇಡುತ್ತಿದ್ದೆ. ಒಂದು ತಿಂಗಳು ಕಾದೆ. ನೋವಿದ್ದರೆ ಒಂದು ವಾರದ ಸವೆತವೇ ಹೇಳುತ್ತದೆ, ಕಾಲು ಪೂರ್ತಿ ಸರಿಯಾಯಿತು ಅನ್ನಲು ಒಂದು ತಿಂಗಳ ಸವೆತ ಬೇಕು. ಆಮೇಲೆ ಒಂದು ದಿನ ಬಲಗಾಲಿನದನ್ನು ಕಿಟಕಿಯ ಬೆಳಕಿಗೆ ತಿರುವಿ ಹಿಡಿದೆ.

"ಏನು ನೋಡುತ್ತಿದ್ದೀ?" ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದ. ಎಂಟೊಂಬತ್ತು ತಿಂಗಳ ನಂತರ ನನ್ನೊಡನೆ ಆಡಿದ ಮೊದಲ ಮಾತು.

ಬೂಟನ್ನು ಅವನ ಕೈಗೆ ಕೊಟ್ಟೆ. ಅವನು ಹೊರ ಅಂಚು ನೋಡಿದ, ಒಳ ಅಂಚು ನೋಡಿದ, ಎಡಗಾಲಿನದನ್ನು ಪಕ್ಕದಲ್ಲಿ ಹಿಡಿದು ನೋಡಿದ. ಎಲ್ಲ ಒಂದೇ ಹದಕ್ಕೆ ಸವೆದಿತ್ತು. ಬೂಟುಗಳನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೋದ.

ಫೋಟೋ ತೆಗೆದು ಕೊರಿಯಾಕ್ಕೆ ಕಳಿಸಿದೆ. ಅಲ್ಲಿ ಅವನು ಈಗ ಮತ್ತೆ ಶಾಲೆಯ ಮಕ್ಕಳಿಗೇ ಆಟ ಕಲಿಸುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಅಣ್ಣ, ಮುಂದಿನ ತಿಂಗಳೂ ನೋಡು."